ಸೆಕೆಂಡ್ ಗಿಯರಿನ ಮಾವ

ನನ್ನ ಮಾವ ಯುದ್ಧಕ್ಕೆ ಹೋಗಿ ಬಂದವರು ಎಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ ಹೇಳಿ? ಆ ಮನುಷ್ಯನಿಗೆ ಶೇರ್ ರಿಕ್ಷಾ ಹತ್ತುವುದೆಂದರೆ ಭಯ! ಸ್ಟೇಷನ್ನಿನ ಎದುರಿನ ರಸ್ತೆ ದಾಟುವ ಮೊದಲು ಎಡಕ್ಕೆ ನೋಡುತ್ತಾರೆ, ಬಲಕ್ಕೆ ನೋಡುತ್ತಾರೆ, ಆಮೇಲೆ ತಲೆಯೆತ್ತಿ ಆಕಾಶವನ್ನೂ ನೋಡುತ್ತಾರೆ.

"ಆಕಾಶದಿಂದ ಎಂತ ಬರ್ತದೆ ಮಾವ? ರಿಕ್ಷಾವಾ?" ಎಂದು ನಾನು ಕೇಳಿದರೆ, "ಅಭ್ಯಾಸ ಮಾರಾಯ" ಎನ್ನುತ್ತಾರೆ. ಅಷ್ಟರಲ್ಲಿ ರಸ್ತೆ ಮತ್ತೆ ತುಂಬಿರುತ್ತದೆ. ಮತ್ತೆ ಎಡ, ಬಲ, ಆಕಾಶ!

ಅವರು ಸೈನ್ಯ ಸೇರಿದ ಕಥೆಯೂ ಹೀಗೆಯೇ. ಮಾವ ನನ್ನ ಅಮ್ಮನ ತಮ್ಮ. ಅಪ್ಪ ವಾಶಿಯಲ್ಲಿ ಹೋಟೆಲು ತೆರೆದ ಹೊಸತರಲ್ಲಿ ಉಡುಪಿಯಿಂದ ಬಂದು ಚಟ್ನಿ ರುಬ್ಬಲು ನಿಂತಿದ್ದರು. ಒಂದು ಬೆಳಿಗ್ಗೆ ಅಪ್ಪ, "ಮಾರ್ಕೆಟ್ಟಿಗೆ ಹೋಗಿ ತೆಂಗಿನಕಾಯಿ ತಾ" ಎಂದು ಕಳಿಸಿದರು. ಮಾವ ಕನಸು ಕಾಣುತ್ತ ಹೊರಟರು. ದಾರಿಯಲ್ಲಿ ಒಂದು ಉದ್ದನೆಯ ಸಾಲು ಕಂಡಿತು. ಬಸ್ಸಿನ ಸಾಲು ಎಂದುಕೊಂಡು ನಿಂತರಂತೆ. ಅದು ಸೈನ್ಯಕ್ಕೆ ಭರ್ತಿ ಮಾಡಿಕೊಳ್ಳುವ ಸಾಲು! ಯಾರೋ ಎದೆ ಅಳೆದರು, ಯಾರೋ ಮೈದಾನದಲ್ಲಿ ಓಡಿಸಿದರು. "ಬಸ್ಸಿಗೆ ಇಷ್ಟೆಲ್ಲ ಯಾಕೆ ಅಂತ ಅನುಮಾನ ಬರಲಿಲ್ಲವಾ?" ಎಂದರೆ, "ಹೊಸ ಊರಲ್ವಾ, ಇಲ್ಲಿಯ ಪದ್ಧತಿ ಇರಬಹುದು ಅಂದ್ಕೊಂಡೆ" ಎಂಬ ಉತ್ತರ.

ಇದರಲ್ಲಿ ಎಷ್ಟು ನಿಜ, ಎಷ್ಟು ಸೇರಿಸಿದ್ದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದಿಷ್ಟೇ: ಹದಿನೇಳು ವರ್ಷ ಬಿಟ್ಟು, ಕಬ್ಬಿಣದ ಟ್ರಂಕು ಹೊತ್ತು ಮಾವ ಹೋಟೆಲಿನ ಬಾಗಿಲಲ್ಲಿ ನಿಂತಾಗ, ಅಪ್ಪ ಕೌಂಟರಿನಿಂದ ತಲೆಯೆತ್ತಿ ಒಂದೇ ಮಾತು ಕೇಳಿದರು.

"ಕಾಯಿ ಎಲ್ಲಿ?"

ಸೈನ್ಯ ಅವರನ್ನು ಲಾರಿ ಚಾಲಕನನ್ನಾಗಿ ಮಾಡಿತ್ತು. ಪರ್ವತದ ತುದಿಯಲ್ಲಿ ಯುದ್ಧ ನಡೆದ ಆ ಬೇಸಿಗೆಯಲ್ಲಿ ಮೇಲಿನ ಫಿರಂಗಿಗಳಿಗೆ ಮದ್ದುಗುಂಡು ಹೊತ್ತೊಯ್ದದ್ದು ಇವರ ಗಾಡಿ. ಯುದ್ಧ ಮುಗಿಯಿತು, ನೌಕರಿಯೂ ಮುಗಿಯಿತು, ಆದರೆ ಮಾವನ ಗಾಡಿ ಇನ್ನೂ ನಿಂತಿಲ್ಲ. ಈಗಲೂ ದಿನಾ ಓಡಿಸುತ್ತಾರೆ. ಎಲ್ಲಿ ಅಂತೀರಾ? ಲೋಕಲ್ ಟ್ರೇನಿನಲ್ಲಿ!

ಬೆಳಗಿನ ಹೊತ್ತಿಗೆ ಡೊಂಬಿವಲಿಯಲ್ಲಿ ಕೂರಲು ಜಾಗ ಸಿಗುವುದುಂಟೆ? ಅದಕ್ಕೆ ಮಾವ ಮೊದಲು ಹಿಂದಕ್ಕೆ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಹೊರಡುವ ಗಾಡಿಯಲ್ಲಿ ಬಲಗಡೆಯ ಕಿಟಕಿ ಹಿಡಿದು ಬರುತ್ತಾರೆ. ಹೋಟೆಲಿನ ಉಗ್ರಾಣ ನೋಡಿಕೊಳ್ಳಲು ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯಬೇಕು. ಕಿಟಕಿಯ ಗಾಳಿ ತಾಗಿದ್ದೇ ತಡ, ಕಣ್ಣು ಅರ್ಧ ಮುಚ್ಚುತ್ತದೆ. ಮುಂಬ್ರಾದ ಗುಡ್ಡ ಹತ್ತಿರವಾಗುವಾಗ ಮುಖದ ಮೇಲೆ ಬೇರೆಯೇ ಊರಿನ ಬೆಳಕು ಬೀಳುತ್ತದೆ. ಬಲಗಾಲು ನಿಧಾನ ಕೆಳಗೆ ಒತ್ತುತ್ತದೆ. ಎಡಗೈ ಮೆಲ್ಲನೆ ಸರಿದು, ಪಕ್ಕದಲ್ಲಿ ಯಾರು ಕೂತಿರುತ್ತಾರೋ ಅವರ ಮೊಣಕಾಲನ್ನು ಹಿಡಿದು, ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ!

ಒಮ್ಮೆ ಹಾಗೆ ಸಿಕ್ಕಿಬಿದ್ದವರು ಒಬ್ಬ ದಪ್ಪ ಮರಾಠಿ ಸಾಹೇಬರು. ನಾನು ಎದುರು ಸೀಟಿನಲ್ಲಿದ್ದೆ, ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಾಹೇಬರು ತಮ್ಮ ಮೊಣಕಾಲನ್ನು ನೋಡಿದರು, ಮಾವನ ಮುಖ ನೋಡಿದರು, ತಣ್ಣಗೆ ಕೇಳಿದರು: "ಕಾಕಾ, ಕೌನ್ಸಾ ಗಿಯರ್ ಹೈ?"

ಮಾವ ಕಣ್ಣು ತೆರೆಯದೆ, ಏರು ಹತ್ತಿಸುವವರ ದನಿಯಲ್ಲಿ ಅಂದರು: "ಸೆಕೆಂಡ್. ಚಢಾಯಿ ಹೈ."

"ಠೀಕ್ ಹೈ, ಠಾಣೆ ಮೇ ನ್ಯೂಟ್ರಲ್ ಕರ್ ದೇನಾ. ಮುಝೇ ಉತರ್ನಾ ಹೈ."

ಇಳಿಯಬೇಕಾದವರ ಈ ವಿನಂತಿಗೆ ಇಡೀ ಡಬ್ಬಿ ನಕ್ಕಿತು. ಅಂದಿನಿಂದ ಆ ಎಂಟೂ ಹತ್ತಕ್ಕೆ ಹೊರಡುವ ಗುಂಪಿನವರಿಗೆಲ್ಲ ನಮ್ಮ ಮಾವ 'ಸೆಕೆಂಡ್ ಗಿಯರ್ ಕಾಕಾ'.

ರಾತ್ರಿಯ ಡ್ಯೂಟಿಯ ಬಗ್ಗೆ ಅತ್ತೆಯನ್ನು ಕೇಳಬೇಕು. ಅತ್ತೆಗೆ ಮಾತು ಉಡುಪಿಯದೇ, ಖಾರವೂ ಉಡುಪಿಯದೇ. "ಮುಂದೆ ಹೋದರೆ ನನಗೆ ಏನೂ ತೊಂದರೆ ಇಲ್ಲ ಮಗಾ. ನಿದ್ದೆಯಲ್ಲಿ ಇವರು ರಿವರ್ಸ್ ತೆಗೀತಾರಲ್ಲ, ಆವಾಗ ನಾನು ಮಂಚದಿಂದ ಕೆಳಗೆ!"

ಇಂಥವರನ್ನು ನಮ್ಮ ಸೊಸೈಟಿಯವರು ಗಣರಾಜ್ಯೋತ್ಸವಕ್ಕೆ ಭಾಷಣಕ್ಕೆ ಕರೆದರು. ಕುರ್ಚಿ ಹಾಕಿ, ಮೈಕು ಕಟ್ಟಿ, ಮಕ್ಕಳಿಗೆಲ್ಲ ಬಾವುಟ ಹಂಚಿ, "ಇವತ್ತು ವೀರಯೋಧರಿಂದ ಯುದ್ಧದ ಕಥೆ" ಎಂದು ಬೋರ್ಡಿನಲ್ಲಿ ಬರೆದರು. ಮಾವ ಎದ್ದು ನಿಂತು ಚಕ್ರಕ್ಕೆ ಸರಪಳಿ ಕಟ್ಟುವುದು ಹೇಗೆ ಎಂದು ಇಪ್ಪತ್ತು ನಿಮಿಷ ವಿವರಿಸಿದರು! ಮಂಜಿನಲ್ಲಿ ಡೀಸೆಲ್ಲು ಗಟ್ಟಿಯಾಗುವುದು, ಟ್ಯಾಂಕಿನ ಕೆಳಗೆ ಬೆಂಕಿ ಹಿಡಿಯುವುದು, ಹಿಡಿದವನನ್ನು ಮೇಲಿನವರು ಬೈಯುವುದು. ಸೆಕ್ರೆಟರಿ ಚೀಟಿ ಕಳಿಸಿದರು: 'ಶೌರ್ಯದ ಬಗ್ಗೆ ಹೇಳಿ.' ಮಾವ ಚೀಟಿ ಓದಿ, ಜೇಬಿಗಿಟ್ಟು, ರೇಡಿಯೇಟರಿನ ವಿಷಯಕ್ಕೆ ಬಂದರು.

ಕೊನೆಗೆ ಒಂದು ಪುಟ್ಟ ಹುಡುಗಿ ಎದ್ದು, ಶತ್ರುವನ್ನು ನೋಡಿದ್ದೀರಾ ಎಂದು ಕೇಳಿದಳು. "ಅಂಕಲ್, ಆಪ್ನೇ ದುಶ್ಮನ್ ಕೋ ದೇಖಾ?"

"ನಹೀ ಬೇಟಾ. ಮೈನೇ ಸಿರ್ಫ್ ರಾಸ್ತಾ ದೇಖಾ." ನಾನು ನೋಡಿದ್ದು ಬರೀ ರಸ್ತೆ.

"ಡರ್ ಲಗಾ?" ಹೆದರಿಕೆ ಆಯ್ತಾ?

"ರೋಜ್ ಲಗಾ." ದಿನಾ ಆಯ್ತು.

ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದಿನ ವರ್ಷ ಭಾಷಣಕ್ಕೆ ಯೋಗದ ಮಾಸ್ತರರನ್ನು ಕರೆದರು.

ನಾನು ಕಾರು ಕೊಂಡಾಗ ಮಾವನೇ ಮೊದಲು ಓಡಿಸಲಿ ಎಂದು ಕೀಲಿ ಕೈಗಿತ್ತೆ. ಬಿಸಿ ಕಾವಲಿ ಮುಟ್ಟಿದವರಂತೆ ಕೈ ಹಿಂದೆಗೆದರು. "ನೀನೇ ಬಿಡು. ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ." ಸರಿ, ಕಲ್ಯಾಣ-ಶೀಳ್ ರಸ್ತೆಗೆ ಇಳಿಸಿದೆ. ಎದುರಿನಿಂದ ಟ್ಯಾಂಕರು, ಎಡದಿಂದ ಬೈಕು, ಬಲದಿಂದ ರಿಕ್ಷಾ, ನಡುವೆ ಎಮ್ಮೆ. ಮಾವ ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದು ಕಣ್ಣು ಮುಚ್ಚಿದ್ದರು.

"ಏನು ಮಾವ, ಶೆಲ್ಲು ಬೀಳುವಾಗ ಲಾರಿ ಬಿಟ್ಟವರು ನೀವು!"

"ಅಲ್ಲಿ ಶೆಲ್ಲು ಒಂದೇ ಕಡೆಯಿಂದ ಬರ್ತಿತ್ತು ಮಾರಾಯ!"

ಈ ಜೋಕನ್ನು ನಾನು ಆಫೀಸಿನಲ್ಲಿ, ಮದುವೆಮನೆಗಳಲ್ಲಿ, ಸಾನಪಾಡಾದ ಸಂಬಂಧಿಕರ ವಾಟ್ಸಾಪ್ ಗುಂಪಿನಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಮಳೆಗಾಲದಲ್ಲಿ ಮಾತ್ರ ಮಾವ ಯಾರ ಜೋಕಿಗೂ ಸಿಗುವುದಿಲ್ಲ. ನಮ್ಮ ಐದನೇ ಮಹಡಿಯ ಬಾಲ್ಕನಿಯಿಂದ ದೂರದಲ್ಲಿ ಮಲಂಗಗಡದ ಗುಡ್ಡಸಾಲು ಕಾಣುತ್ತದೆ. ಜೋರು ಮಳೆ ಬಿಟ್ಟ ಸಂಜೆಗಳಲ್ಲಿ ಮೋಡ ಅದರ ಸೊಂಟಕ್ಕೆ ಇಳಿದು ಕೂರುತ್ತದೆ. ಕಟ್ಟಡಗಳು ಕರಗುತ್ತವೆ, ನೀರಿನ ಟಾಕಿಗಳು ಕರಗುತ್ತವೆ, ಟ್ರೇನಿನ ಸದ್ದು ಯಾವುದೋ ಹೊಳೆಯ ಸದ್ದಿನಂತೆ ಕೇಳುತ್ತದೆ. ಆಗ ಮಾವ ಮನೆಯ ದೀಪ ಆರಿಸಿ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ಅತ್ತೆ ಅಡುಗೆಮನೆಯಿಂದ, "ನನ್ನ ಒಗ್ಗರಣೆ ಕರಟ್ತದೆ, ಲೈಟು ಹಾಕಿ!" ಎಂದು ಕೂಗುತ್ತಿರುತ್ತಾರೆ. ಇವರಿಗೆ ಕೇಳಿಸುವುದಿಲ್ಲ. ಬೆರಳು ಚಾಚಿ ನನಗೆ ತೋರಿಸುತ್ತಾರೆ. "ಅಲ್ಲಿ ನೋಡು, ಮೂರನೇ ತಿರುವು. ಅದರಾಚೆ ರಸ್ತೆ ಸಪೂರ. ಒಂದು ಗೇಣು ಆಚೆ ಹೋದರೆ ನದಿ." ನಾನು ನೋಡುತ್ತೇನೆ. ನಿಜ ಹೇಳುತ್ತೇನೆ, ಎರಡು ಮೂರು ಸಲ ನನಗೂ ಆ ರಸ್ತೆ ಕಂಡಿದೆ.

ಹೋದ ಮಳೆಗಾಲದ ಒಂದು ಭಾನುವಾರ, ಹಗಲು ಹನ್ನೊಂದರ ಹೊತ್ತಿಗೆ, ಬೆಲ್ಲಾಯಿತು. ಬಾಗಿಲಲ್ಲಿ ಇಪ್ಪತ್ತೈದು ದಾಟಿದ ಒಬ್ಬಳು ಹುಡುಗಿ, ಕೈಯಲ್ಲಿ ನೀರು ಸೋರುವ ಕೊಡೆ. ಬದಲಾಪುರದ ಶಾಲೆಯಲ್ಲಿ ಟೀಚರಂತೆ. ಮಾವನ ಹಳೆಯ ತುಕಡಿಯವರ ವಾಟ್ಸಾಪ್ ಗುಂಪಿನಲ್ಲಿ ವಿಳಾಸ ಸಿಕ್ಕಿತಂತೆ. ತಂದೆಯ ಹೆಸರು ಹೇಳಿದಳು. ನಾನು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಮಾವ ಕೂತಲ್ಲಿಂದ ಎದ್ದು ನಿಂತರು, ಮತ್ತೆ ಕೂರಲು ಅವರಿಗೆ ನೆನಪಾಗಲಿಲ್ಲ.

ಅವಳ ತಂದೆ ಮಾವನ ಲಾರಿಯ ಜೊತೆ ಚಾಲಕ. ತಂದೆ ತೀರಿಕೊಂಡಾಗ ಇವಳು ತಾಯಿಯ ಹೊಟ್ಟೆಯಲ್ಲಿ ಮೂರು ತಿಂಗಳು.

"ಶೂರರು, ಶೂರರು ಅಂತ ಎಲ್ಲರೂ ಹೇಳ್ತಾರೆ," ಅಂದಳು. ಅವಳ ಮರಾಠಿ, ಮಾವನ ಹಿಂದಿ, ಎರಡೂ ಕಲೆಸಿ ನಡೆದ ಮಾತು ಅದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಊರಿನಲ್ಲಿ ಒಂದು ಕಲ್ಲೂ ನಿಲ್ಲಿಸಿದ್ದಾರೆ. ನನಗೆ ಅದು ಸಾಕಾಗ್ತಿಲ್ಲ ಕಾಕಾ. ಅವರು ಮನುಷ್ಯ ಹೇಗಿದ್ದರು?"

ಮಾವ ಶುರು ಮಾಡಿದರು ನೋಡಿ! ನಿನ್ನಪ್ಪ ಊಟಕ್ಕೆ ಕೂತರೆ ಹಸಿ ಈರುಳ್ಳಿಯನ್ನು ಮುಷ್ಟಿಯಲ್ಲಿ ಗುದ್ದಿ ಒಡೆಯುತ್ತಿದ್ದ. ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ, ಮಾಡಲು ಬರುತ್ತಿರಲಿಲ್ಲ. ಗೊರಕೆ ಹೊಡೆದರೆ ಎಂಜಿನ್ನು ಆರಿಸಿಲ್ಲವೇನೋ ಎಂದು ನಾನು ಎದ್ದು ಹೋಗಿ ನೋಡುತ್ತಿದ್ದೆ. ಹುಡುಗಿ ನಕ್ಕಳು. ನಗುತ್ತಲೇ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಅತ್ತೆ ಚಹಾ ತಂದವರು ಲೋಟ ಹಿಡಿದೇ ನಿಂತರು.

"ಆ ದಿನ?" ಎಂದು ಅವಳು ಕೇಳಿದಳು.

ಮಾವ ಅದನ್ನೂ ಹೇಳಿದರು. ಮೇಲಿನ ಶಿಖರಗಳಲ್ಲಿ ಶತ್ರು ಕೂತಿದ್ದ. ಗಾಡಿಯ ದೀಪ ಕಂಡರೆ ಶೆಲ್ಲು. ಹಾಗಾಗಿ ಕತ್ತಲಾದ ಮೇಲೆ ದೀಪವಿಲ್ಲದೆ ಹತ್ತಬೇಕು. ಆದರೆ ರಸ್ತೆಯ ಅಂಚು ಕಾಣಬೇಕಲ್ಲ? ಅದಕ್ಕೆ ಇಬ್ಬರಲ್ಲಿ ಒಬ್ಬ ಬೆನ್ನಿಗೆ ಬಿಳಿ ಟವೆಲು ಕಟ್ಟಿಕೊಂಡು ಗಾಡಿಯ ಮುಂದೆ ನಡೆಯುವುದು, ಇನ್ನೊಬ್ಬ ಆ ಬಿಳುಪನ್ನು ನೋಡುತ್ತ ಸೆಕೆಂಡ್ ಗಿಯರಿನಲ್ಲಿ ಹಿಂದೆ ಹೋಗುವುದು. ಒಂದು ದಿನ ಇವನು, ಒಂದು ದಿನ ಅವನು.

"ಆ ದಿನ ನನ್ನ ಸರದಿ," ಅಂದರು ಮಾವ. "ಮಧ್ಯಾಹ್ನದಿಂದ ನನಗೆ ಜ್ವರ. ಅವನು ನನ್ನ ಕೈಯಿಂದ ಟವೆಲು ಕಿತ್ಕೊಂಡ. 'ನಡುಗಿಕೊಂಡು ನಡೆದರೆ ಗಾಡಿಯೂ ನಡುಗ್ತದೆ, ನೀನು ಸ್ಟೇರಿಂಗ್ ಹಿಡಿ' ಅಂದ. ತಿರುವಿನಲ್ಲಿ ಶೆಲ್ಲು ಬಿತ್ತು. ನಾನು ಇಳಿದು ಓಡಿದೆ. ಹೋಗಿಬಿಟ್ಟಿದ್ದ. ನರಳಲಿಲ್ಲ ಮಗಾ, ಅದು ಸತ್ಯ. ನಿನ್ನ ತಾಯಿಗೆ ಹೇಳು."

ಹುಡುಗಿ ಕೇಳಿದಳು. "ಗಾಡಿ ಮೇಲೆ ಹೋಯ್ತಾ?"

"ಹೋಯ್ತು. ಮೇಲೆ ಫಿರಂಗಿಯವರು ಕಾಯ್ತಿದ್ದರು. ಹಿಂದಿನ ಗಾಡಿಯವನು ಇಳಿದು ಬಂದ. ಏನೂ ಕೇಳಲಿಲ್ಲ. ತನ್ನ ಟವೆಲು ಕಟ್ಟಿಕೊಂಡು ನನ್ನ ಮುಂದೆ ನಡೆದ."

ಮಾವ ಮತ್ತೂ ಹೇಳಿದರು. ಯುದ್ಧ ಮುಗಿದ ಮೇಲೆ ಒಮ್ಮೆ ಇವಳ ಊರಿಗೆ ಹೋಗಿದ್ದರಂತೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಮನೆಯ ದಾರಿ ಕೇಳಿ ತಿಳಿದುಕೊಂಡು, ಅಲ್ಲಿಯೇ ಒಂದು ಚಹಾ ಕುಡಿದು, ಅದೇ ಬಸ್ಸು ಹತ್ತಿ ವಾಪಸ್ಸು ಬಂದರಂತೆ. "ಅಷ್ಟು ಧೈರ್ಯ ನನ್ನಲ್ಲಿ ಇರಲಿಲ್ಲ," ಅಂದರು.

ಇಪ್ಪತ್ತೈದು ವರ್ಷ ಮಾವನ ಪಕ್ಕದಲ್ಲಿ ಮಲಗಿದ ಅತ್ತೆಗೂ ಇದು ಗೊತ್ತಿರಲಿಲ್ಲ. ಮುಖ ನೋಡಿದರೇ ತಿಳಿಯುತ್ತಿತ್ತು.

ಹುಡುಗಿ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಬೈಯುತ್ತಾಳೇನೋ ಎಂದು ನನಗೆ ಭಯವಾಯಿತು. ಬೈಯಲಿಲ್ಲ. "ಕಾಕಾ, ನನ್ನ ಹತ್ತಿರ ಫೋಟೋ ಇದೆ. ಎಲ್ಲದರಲ್ಲೂ ನಿಂತೇ ಇದ್ದಾರೆ. ಅವರು ನಡೀತಿದ್ದದ್ದು ಹೇಗೆ? ನೀವು ಅಷ್ಟು ದಿನ ಹಿಂದಿನಿಂದ ನೋಡಿದ್ದೀರಲ್ಲ."

ಮಾವ ಸೋಫಾವನ್ನು ಸ್ವಲ್ಪ ಸರಿಸಿದರು. ನಮ್ಮ ಪುಟ್ಟ ಹಾಲಿನಲ್ಲಿ ಗೋಡೆಯಿಂದ ಬಾಗಿಲವರೆಗೆ ನಡೆದು ತೋರಿಸಿದರು. ಎಡ ಭುಜ ತುಸು ಕೆಳಗೆ, ಕತ್ತು ಮುಂದೆ, ಬಲಗಾಲಿನ ಹೆಜ್ಜೆ ಕೊಂಚ ಹೊರಗೆ ತಿರುಗಿ, ಅವಸರವೇ ಇಲ್ಲದ ನಡಿಗೆ. ಅದು ನನ್ನ ಮಾವನ ನಡಿಗೆ ಅಲ್ಲವೇ ಅಲ್ಲ. ಯಾರೋ ಅಪರಿಚಿತ ಗಂಡಸು ನಮ್ಮ ಹಾಲಿನಲ್ಲಿ ನಡೆದು ಹೋದ ಹಾಗಾಯಿತು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು.

"ಮೀ ಪಣ್ ಅಶೀಚ್ ಚಾಲತೇ," ಅಂದಳು. ನಾನೂ ಹೀಗೆಯೇ ನಡೆಯುತ್ತೇನೆ.

ಎದ್ದು, ನಮಗೆ ಬೆನ್ನು ಹಾಕಿ, ಗೋಡೆಯಿಂದ ಬಾಗಿಲವರೆಗೆ ನಡೆದಳು. ಮಾವ ಗೋಡೆಗೆ ಒರಗಿ ನೋಡುತ್ತಿದ್ದರು. ಅವಳು ಬಾಗಿಲು ಮುಟ್ಟಿ ತಿರುಗಿದಾಗ ಅವರು ಸೋಫಾವನ್ನು ಇನ್ನೂ ಸ್ವಲ್ಪ ಆಚೆ ತಳ್ಳಿದರು.

"ಇನ್ನೊಂದ್ಸಲ ನಡಿ ಮಗಾ."