ಎಮಿಲಿ ಕೇಳಿದ ಲೈಟ್ ಬಿಲ್ಲು

ಗೋಪೀನಾಥನ ಸಿಟ್ಟು ಬಸವೇಶ್ವರನಗರದ ಆ ಬೀದಿಗೆಲ್ಲ ಗೊತ್ತಿದ್ದ ಸಿಟ್ಟು. ಅದರಿಂದಲೇ ಮೂರು ಕಡೆ ಕೆಲಸ ಕಳೆದುಕೊಂಡಿದ್ದ. ಒಂದು ಕಡೆ ಮ್ಯಾನೇಜರನ ಮುಖಕ್ಕೆ ಫೈಲು ಎಸೆದಿದ್ದ. ಇನ್ನೊಂದು ಕಡೆ ಫೈಲು ಕೈಗೆ ಸಿಗದೆ ಸ್ಟೇಪ್ಲರ್ ಎಸೆದಿದ್ದ. ಮೂರನೆಯ ಕಡೆ ಏನು ಎಸೆದ ಎಂಬುದನ್ನು ಅವನ ಹೆಂಡತಿ ಪಂಕಜಾ ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಈಗ ನಲವತ್ತೈದನೇ ವಯಸ್ಸಿನಲ್ಲಿ, ರಾಜಾಜಿನಗರದ ಒಂದು ಸಣ್ಣ ಆಫೀಸಿನಲ್ಲಿ ನಾಲ್ಕನೇ ಕೆಲಸ. ಇಂಟರ್ನೆಟ್ಟಿನಲ್ಲಿರುವ ಬೇರೆ ಬೇರೆ ಸೈಟುಗಳನ್ನು ಪರೀಕ್ಷೆ ಮಾಡಿ, ಹೇಗಿದೆ ಎಂದು ಇಂಗ್ಲಿಷಿನಲ್ಲಿ ವಿಮರ್ಶೆ ಬರೆದು, ನಕ್ಷತ್ರ ಹಾಕಿ ಕೊಡಬೇಕು. ಆರು ತಿಂಗಳ ಪ್ರೊಬೇಷನ್ನು ಇವತ್ತಿಗೆ ಮುಗಿಯುತ್ತಿತ್ತು. ಕೆಲಸ ಉಳಿಯುತ್ತದೋ ಹೋಗುತ್ತದೋ ಎಂಬುದು ಬಾಸ್ ಮಧುಕುಮಾರನ ಕೈಯಲ್ಲಿತ್ತು. ಆ ಬಾಸಿಗೆ ಇಪ್ಪತ್ತಾರು ವರ್ಷ. ಗೋಪೀನಾಥನನ್ನು 'ಗುರು' ಎಂದೇ ಕರೆಯುತ್ತಿದ್ದ, ಅದೂ ಏಕವಚನದಲ್ಲಿ.

"ಗುರು, ಇವತ್ತು ಲಾಸ್ಟ್ ಟೆಸ್ಟು," ಎಂದು ಬೆಳಿಗ್ಗೆ ಎಂಟಕ್ಕೇ ಫೋನು ಮಾಡಿದ. "ಇಂಗ್ಲೆಂಡಿನ ಸೈಟು. ಕ್ಯಾಸಿನೋ, ಬಿಂಗೋ, ಸ್ಪೋರ್ಟ್ಸ್ ಬೆಟ್ಟಿಂಗು ಮೂರೂ ಇದೆ. ಹತ್ತು ಪೌಂಡ್ ನಾವೇ ಹಾಕಿದೀವಿ. ಆಡು. ಗೆದ್ರೆ ದುಡ್ಡು ವಾಪಸ್ ಕೇಳು, ಎಷ್ಟು ಹೊತ್ತಿಗೆ ಕೊಟ್ರು ಅಂತ ಬರಿ. ಗೆದ್ದಿದ್ದು ನಿಂಗೇ. ಐದು ಗಂಟೆಗೆ ರಿವ್ಯೂ ನನ್ ಟೇಬಲ್ ಮೇಲಿರ್ಬೇಕು, ಇಲ್ಲಾಂದ್ರೆ ನಾಳೆಯಿಂದ ಬರೋದು ಬೇಡ."

"ಆಫೀಸಿಗೇ ಬಂದು ಮಾಡ್ತೀನಿ ಸಾರ್."

"ಬೇಡ ಬೇಡ. ಇಲ್ಲಿಂದ ಎಲ್ರೂ ಅಕೌಂಟ್ ತೆಗ್ದು ತೆಗ್ದು ಅವ್ರಿಗೆ ಡೌಟ್ ಬಂದಿದೆ. ನಿಮ್ ಮನೆ ಹತ್ರ ಸೈಬರ್ ಕೆಫೆಗೆ ಹೋಗು. ನಿನ್ ಹೆಸ್ರು, ನಿನ್ ಅಡ್ರೆಸ್ಸೇ ಕೊಡು."

ಪಂಕಜಾ ಬಾಗಿಲಲ್ಲಿ ಅಡ್ಡ ನಿಂತಳು. "ರೀ, ಇವತ್ತೊಂದು ದಿನ ಬಾಯಿ ಬಿಗಿ ಹಿಡ್ಕೊಳ್ಳಿ. ನಿಮ್ಗೆ ಕೈ ಮುಗೀತೀನಿ."

ಗೇಟಿನ ಹತ್ತಿರ ವಿಠ್ಠಲ ಸಿಕ್ಕ. ಅದೇ ಮನೆಯ ತಾರಸಿಯ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ ಬಾದಾಮಿ ಕಡೆಯವನು. ಹುರಿಮೀಸೆ, ಮೆತ್ತಗಿನ ಮಾತು. ಎಲ್ಲೋ ಕಂಪ್ಯೂಟರ್ ಕೆಲಸ ಎನ್ನುತ್ತಿದ್ದ, ಎಲ್ಲಿ ಎಂದು ಗೋಪೀನಾಥ ಕೇಳಿರಲಿಲ್ಲ. "ಇವತ್ತ ಭಾಳ ಶಾಂತ ಕಾಣಾಕತ್ತೀರಲ್ರೀ ಸರ," ಎಂದ ವಿಠ್ಠಲ. ಗೋಪೀನಾಥ ಹಲ್ಲು ಕಚ್ಚಿಕೊಂಡೇ ನಕ್ಕ.

ಸೈಬರ್ ಕೆಫೆಯಲ್ಲಿ ಪರೀಕ್ಷೆ ಶುರುವಾಯಿತು. ಮೊದಲು ಕ್ಯಾಸಿನೋ. ಚಕ್ರ ತಿರುಗಿಸುವುದೂ ಕಂಪ್ಯೂಟರೇ, ಚೆಂಡು ಬೀಳಿಸುವುದೂ ಕಂಪ್ಯೂಟರೇ, ಕೊನೆಗೆ ದುಡ್ಡು ನುಂಗುವುದೂ ಅದೇ. ಮೂರು ಪೌಂಡು ಮೂರು ನಿಮಿಷದಲ್ಲಿ ಮಾಯ. "ಇದು ಆಟನಾ? ಹಾಡುಹಗಲು ದರೋಡೆ!" ಎಂದು ಗೋಪೀನಾಥ ಪ್ಲೈವುಡ್ಡಿನ ಗೋಡೆಗೆ ಗುದ್ದಿದ. ಆಮೇಲೆ ನಾಯಿ ರೇಸು. ಹೆಸರು ಚೆನ್ನಾಗಿದೆ ಎಂದು ಒಂದು ನಾಯಿಯ ಮೇಲೆ ನಾಲ್ಕು ಪೌಂಡು ಕಟ್ಟಿದ. ಅದು ಕೊನೆಗೆ ಬಂತು. ಬೀದಿಗೆ ಹತ್ತು ನಾಯಿ ಇರುವ ಊರಿನಲ್ಲಿ ಬಾಳಿಕೊಂಡು, ಕಣ್ಣಿಗೂ ಕಾಣದ ಪರದೇಶದ ನಾಯಿಯನ್ನು ನಂಬಿದೆನಲ್ಲ ಎಂದು ತನ್ನ ಮೇಲೇ ಅವನಿಗೆ ರೇಗಿತು.

ಉಳಿದದ್ದು ಬಿಂಗೋ. ನೋಡಿದರೆ ಅದು ಗಣೇಶನ ಪೆಂಡಾಲಿನಲ್ಲಿ ಹೆಂಗಸರು ಆಡುವ ಹೌಸಿಯೇ. ಆದರೆ ಪೆಂಡಾಲಿನಲ್ಲಿ ಕಿವಿಗೊಟ್ಟು ಕೇಳಬೇಕು, ಗುರುತು ಹಾಕಬೇಕು, ಗಂಟಲು ಹರಿಯುವಂತೆ ಕೂಗಬೇಕು. ಇಲ್ಲಿ ಅದೇ ಕೂಗುತ್ತದೆ, ಅದೇ ಗುರುತು ಹಾಕಿಕೊಳ್ಳುತ್ತದೆ. ಉಳಿದ ಮೂರು ಪೌಂಡಿಗೆ ಚೀಟಿ ತೆಗೆದು, ಕರ್ಮಕಾಂಡ ಎಂದು ಬೈದುಕೊಂಡು ಟೀ ಕುಡಿಯಲು ಹೋದ. ವಾಪಸ್ ಬರುವಷ್ಟರಲ್ಲಿ ಅವನಿಲ್ಲದೆಯೇ ಅವನು ನಲವತ್ತಮೂರು ಪೌಂಡು ಗೆದ್ದಿದ್ದ.

ಗೋಪೀನಾಥನ ಮುಖ ಅರಳಿತು. ದುಡ್ಡು ವಾಪಸ್ ಕೇಳುವ ಗುಂಡಿ ಒತ್ತಿದ. ಪರದೆಯ ಮೂಲೆಯಲ್ಲಿ ಪುಟ್ಟ ಕಿಟಕಿ ತೆರೆದುಕೊಂಡು, ನಗುವ ಬಿಳಿ ಹುಡುಗಿಯ ಫೋಟೊ ಬಂತು. "ಹಲೋ, ನಾನು ಎಮಿಲಿ. ನಿಮ್ಮ ಹೆಸರು, ವಿಳಾಸ ಇರುವ ಲೈಟ್ ಬಿಲ್ ಕಳುಹಿಸಿ," ಎಂದು ಇಂಗ್ಲಿಷಿನಲ್ಲಿ ಅಚ್ಚಾಯಿತು.

ಇಷ್ಟೇ ತಾನೇ ಎಂದು ಮನೆಗೆ ಓಡಿ ಬಿಲ್ಲು ತಂದ. ಸ್ಕ್ಯಾನು ಮಾಡುವಾಗ ನೋಡುತ್ತಾನೆ, ಅದರಲ್ಲಿದ್ದ ಹೆಸರು ಮರಿತಿಮ್ಮಯ್ಯ. ಮನೆ ಓನರ್ ತಿಮ್ಮಯ್ಯನವರ ತಂದೆ. ಈ ಲೇಔಟು ರಾಗಿ ಹೊಲವಾಗಿದ್ದಾಗ ಅದರ ಯಜಮಾನ. ತೀರಿಕೊಂಡು ಹನ್ನೊಂದು ವರ್ಷವಾದರೂ ಬಿಲ್ಲು ತಪ್ಪದೆ ಅವರ ಹೆಸರಿಗೇ ಬರುತ್ತಿತ್ತು. ಬೆಂಗಳೂರಿನ ಅರ್ಧ ಮನೆಗಳಲ್ಲಿ ದೀಪ ಉರಿಯುವುದು ಸತ್ತವರ ಹೆಸರಿನಲ್ಲೇ. ಅದನ್ನು ಎಮಿಲಿಗೆ ತಿಳಿಹೇಳುವವರು ಯಾರು?

"ಈ ಬಿಲ್ ನಿಮ್ಮ ಹೆಸರಿನಲ್ಲಿಲ್ಲ," ಎಂದಳು ಎಮಿಲಿ.

ರೇಷನ್ ಕಾರ್ಡು ಕಳುಹಿಸಿದ. "ಇದು ಇಂಗ್ಲಿಷಿನಲ್ಲಿಲ್ಲ." ಗ್ಯಾಸಿನ ಪುಸ್ತಕ ಕಳುಹಿಸಿದ. "ಇದರಲ್ಲಿ 'ಗಣೇಶನ ಗುಡಿ ಹಿಂಭಾಗ' ಎಂದಿದೆ. ನಿಮ್ಮ ಅರ್ಜಿಯಲ್ಲಿ ಗುಡಿ ಇಲ್ಲ." ಗೋಪೀನಾಥನ ಕಿವಿ ಕೆಂಪಾಯಿತು. ಸಮಯ ಹನ್ನೆರಡೂವರೆ. ಬಾಯಿ ಬಿಗಿಹಿಡಿದು ತಿಮ್ಮಯ್ಯನವರ ಮನೆಗೆ ಹೋದ. ಅಲ್ಲಿ ಪಕ್ಕದ ಮನೆಯ ಅಂಜನಮ್ಮ ಕರಿಬೇವು ಕೇಳುವ ನೆಪದಲ್ಲಿ ನಿಂತಿದ್ದರು. ಬೀದಿಯ ಯಾವ ಸುದ್ದಿಯೂ ಆಕೆಯನ್ನು ದಾಟಿ ಹೋದದ್ದಿಲ್ಲ.

"ಯಜಮಾನ್ರೆ, ಲೈಟ್ ಬಿಲ್ಲು ನನ್ನ ಹೆಸ್ರಿಗೆ ಆಗಿದ್ರೆ ಚೆನ್ನಾಗಿತ್ತು," ಎಂದ ಗೋಪೀನಾಥ.

ತಿಮ್ಮಯ್ಯ ಕುರ್ಚಿಯಿಂದ ಎದ್ದೇಬಿಟ್ಟರು. "ಏನಂದ್ರಿ? ಇವತ್ತು ಲೈಟು ನಂದು ಅಂತೀರ, ನಾಳೆ ನೀರು ನಂದು ಅಂತೀರ, ನಾಡಿದ್ದು ಮನೇನೇ ನಂದು ಅಂತ ಕೋರ್ಟಿಗೆ ಹೋಗ್ತೀರ! ಎಷ್ಟು ಬಾಡಿಗೆದಾರ್ರನ್ನ ನೋಡಿಲ್ಲ ನಾನು!"

"ಅಯ್ಯೋ, ನಿಮ್ಮ ಮನೆ ಯಾರಿಗೆ ಬೇಕು ಸ್ವಾಮಿ! ಒಂದು ಬಹುಮಾನ ಬಂದಿದೆ. ಅದನ್ನ ಕೊಡೋಕೆ ಲೈಟ್ ಬಿಲ್ಲು ಕೇಳ್ತಿದಾರೆ."

"ಬಹುಮಾನನಾ?" ಅಂಜನಮ್ಮನ ಕೈಯಲ್ಲಿದ್ದ ಕರಿಬೇವು ಕೆಳಗೆ ಬಿತ್ತು. "ಎಷ್ಟಪ್ಪಾ?"

"ನಲವತ್ಮೂರು," ಎಂದು ಗೊಣಗಿಕೊಂಡು ಗೋಪೀನಾಥ ಹೊರಬಿದ್ದ. ಅದು ಅವನ ತಪ್ಪು. ಅವನು ಕೆಫೆ ಮುಟ್ಟುವ ಮೊದಲೇ ಆ ನಲವತ್ತಮೂರು ಮೊದಲನೇ ಕ್ರಾಸಿನಲ್ಲಿ ಸಾವಿರವಾಗಿ, ಹಾಲಿನ ಬೂತಿನ ಹತ್ತಿರ ಲಕ್ಷವಾಗಿತ್ತು.

ಎಮಿಲಿಗೆ ಇದ್ದದ್ದು ಇದ್ದಂತೆ ಬರೆದ: ಬಿಲ್ಲಿನಲ್ಲಿರುವುದು ಮನೆ ಯಜಮಾನರ ಹೆಸರು, ಇಲ್ಲಿ ಎಲ್ಲ ಹೀಗೇ ತಾಯಿ. ಉತ್ತರ ಬರುವುದಕ್ಕೂ ತಿಮ್ಮಯ್ಯ, ಅಂಜನಮ್ಮ ಏದುಸಿರು ಬಿಡುತ್ತ ಕೆಫೆಗೆ ನುಗ್ಗುವುದಕ್ಕೂ ಸರಿಹೋಯಿತು. ಕೆಫೆಯವನು ಇಣುಕಿ ನೋಡಿ, ಕೇಳದಿದ್ದರೂ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದ: "ಈ ಹಣ ಬೇಕಿದ್ದರೆ ಶ್ರೀ ಮರಿತಿಮ್ಮಯ್ಯನವರೇ ನಮ್ಮನ್ನು ಸಂಪರ್ಕಿಸಲಿ."

"ನೋಡಿದ್ರಾ! ನಾನು ಹೇಳ್ಲಿಲ್ವಾ?" ಎಂದರು ಅಂಜನಮ್ಮ. "ಬಹುಮಾನ ಬಂದಿರೋದು ನಿಮ್ಮಪ್ಪನ ಹೆಸ್ರಿಗೆ. ಅದಕ್ಕೇ ಇವ್ರು ಬಿಲ್ಲಿನ ಹೆಸ್ರು ಬದಲಾಯ್ಸೋಕೆ ಬಂದಿದ್ದು!"

ತಿಮ್ಮಯ್ಯನವರ ಕಣ್ಣಲ್ಲಿ ನೀರು ಬಂತು. ಸತ್ತ ತಂದೆಯನ್ನು ಇಂಗ್ಲೆಂಡಿನವರು ನೆನೆಸಿಕೊಂಡಿದ್ದಾರೆಂಬ ನೀರು. ಮರುಕ್ಷಣ ಸಿಟ್ಟು ಬಂತು. "ನಮ್ಮಪ್ಪನ ದುಡ್ಡು ಹೊಡ್ಯೋಕೆ ನೋಡ್ತೀರಾ? ಸಂಜೆ ಏಳು ಗಂಟೆ ಒಳಗೆ ದುಡ್ಡು ತಂದ್ಕೊಡಿ. ಇಲ್ಲಾ ಮನೆ ಬೀಗದ ಕೈ ಕೊಡಿ!"

ಇಬ್ಬರೂ ಹೋದ ಮೇಲೆ, ಬೆಳಗ್ಗೆಯಿಂದ ಬಿಗಿಹಿಡಿದಿದ್ದ ಬಾಯಿ ಗೋಪೀನಾಥನ ಬೆರಳಿಗೆ ಬಂತು. ಇಂಗ್ಲಿಷ್ ಅಕ್ಷರದಲ್ಲಿ, ಅಪ್ಪಟ ಕನ್ನಡದಲ್ಲಿ ಟಪಟಪ ಕುಟ್ಟಿದ: "ಮರಿತಿಮ್ಮಯ್ಯ ಸತ್ತು ಹನ್ನೊಂದು ವರ್ಷ ಆಯ್ತು ಕಣೇ! ನನ್ನ ಕೆಲಸನೂ ತಿಂದೆ, ಮನೇನೂ ತಿಂದೆ. ನಿನ್ನ ಮನೆ ಹಾಳಾಗ!"

ಎಮಿಲಿಯಿಂದ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು: "ಸಾರ್, ದಯವಿಟ್ಟು ಮನೆ ವಿಷಯ ಎತ್ತಬೇಡಿ." ಇಂಗ್ಲೆಂಡಿನ ಹುಡುಗಿಗೆ ಕನ್ನಡದ ಬೈಗುಳ ಹೇಗೆ ತಿಳಿಯಿತು ಎಂದು ಯೋಚಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಕಿಟಕಿ ಮುಚ್ಚಿಕೊಂಡಿತು.

ಆಗ ಬರೆದ ನೋಡಿ ವಿಮರ್ಶೆ! ಕ್ಯಾಸಿನೋ ಕಳ್ಳರ ಸಂತೆ, ರೇಸು ನಾಯಿಪಾಡು, ಬಿಂಗೋ ಗೆದ್ದರೂ ಸೋತಂತೆ. ದುಡ್ಡು ಹಾಕುವಾಗ ಇವರು ಏನೂ ಕೇಳುವುದಿಲ್ಲ, ತೆಗೆಯುವಾಗ ಮಾತ್ರ ಸತ್ತವರನ್ನು ಕರೆಯುತ್ತಾರೆ. ನಕ್ಷತ್ರ ಸೊನ್ನೆ. ಅದನ್ನು ಪ್ರಿಂಟು ತೆಗೆಸಿಕೊಂಡು, ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು, ಐದಕ್ಕೆ ಐದು ನಿಮಿಷವಿರುವಾಗ ಆಫೀಸಿನ ಮೆಟ್ಟಿಲು ಹತ್ತಿದ. ಎದುರಿಗೆ ವಿಠ್ಠಲ ಊಟದ ಡಬ್ಬಿ ಹಿಡಿದು ಇಳಿದು ಬರುತ್ತಿದ್ದ.

"ನೀನಿಲ್ಲಿ ಏನಯ್ಯ?"

"ಮ್ಯಾಲಿನ ಮಾಳಿಗ್ಯಾಗ ಕೆಲಸ ಮಾಡ್ತಿದ್ದೆರಿ ಸರ. ಈಗ ಬಿಟ್ಟೆ." ವಿಠ್ಠಲ ತಲೆ ತಗ್ಗಿಸಿದ. "ನಾನ ಎಮಿಲಿ."

ಗೋಪೀನಾಥ ಆ ಹುರಿಮೀಸೆಯನ್ನೇ ನೋಡುತ್ತ ನಿಂತ.

"ಬಿಲ್ ನೋಡಿದ ಕೂಡಲೆ ನೀವ ಅಂತ ಗೊತ್ತಾತ್ರಿ. ನಿಮಗ ಇಲ್ಲ ಅನ್ನಾಕ ಮನಸ್ಸ ಬರವಲ್ದು, ಹೌದು ಅನ್ನಾಕ ರೂಲ್ ಇಲ್ಲ. ಕಡೀಕ ನಿನ್ನ ಮನಿ ಹಾಳಾಗ ಅಂದ್ರಿ. ನಾ ಇರೋದೂ ಅದ ಮನಿ ಅಲ್ರೀ ಸರ?"

ಗೋಪೀನಾಥನಿಗೆ ಜೀವನದಲ್ಲಿ ಮೊದಲ ಸಲ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ.

"ನಿಮ್ಮ ಫೈಲ್ ಬಂದ್ ಮಾಡಿಲ್ರಿ," ಎಂದ ವಿಠ್ಠಲ ಹೋಗುತ್ತ. "ನನ್ನ ಕುರ್ಚಿ ಮ್ಯಾಲ ಯಾರ ಕೂಡ್ತಾರೋ, ಅವ್ರು ಮನಸ್ಸ ಮಾಡಿದ್ರ ಒಂದ ಗುಂಡಿ ಒತ್ತಿದ್ರ ಆತು. ರೊಕ್ಕ ನಿಮಗ."

ಒಳಗೆ ಮಧುಕುಮಾರ ವಿಮರ್ಶೆ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಬೈದಿದೀಯ ಗುರು! ಇರ್ಲಿ, ಕ್ಲೈಂಟು ನಾಲ್ಕೂವರೆ ಸ್ಟಾರ್ ಕೇಳಿದಾರೆ, ನಾನೇ ತಿದ್ಕೋತೀನಿ. ನಿಂಗೆ ರಿವ್ಯೂ ಕೆಲಸ ಬೇಡ ಬಿಡು. ಮೇಲಿನ ಫ್ಲೋರು ಅದೇ ಸೈಟಿನ ಸಪೋರ್ಟು, ಅದೂ ನಮ್ದೇ. ಎಮಿಲಿ ಸೀಟು ಈಗ್ತಾನೆ ಖಾಲಿ ಆಯ್ತು. ಜನ ಯಾವ್ಯಾವ ಕಾಗದ ತರ್ತಾರೆ ಅಂತ ನಿನಗಿಂತ ಚೆನ್ನಾಗಿ ಯಾರಿಗ್ ಗೊತ್ತು? ಪರ್ಮನೆಂಟ್ ಮಾಡ್ತೀನಿ. ಸೈನ್ ಮಾಡ್ತೀಯಾ?"

ಆ ಕುರ್ಚಿ! ಆ ಗುಂಡಿ! ಕೆಲಸವೂ ಉಳಿಯಿತು, ದುಡ್ಡೂ ಬಂತು, ಮನೆಯೂ ಉಳಿಯಿತು. ಗೋಪೀನಾಥ ಓದದೆಯೇ ಸಹಿ ಹಾಕಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಪರದೆಯ ಮೇಲೆ ಅವನದೇ ಫೈಲು ತೆರೆದಿತ್ತು. ಕುಲದೇವರನ್ನು ನೆನೆದು ಗುಂಡಿ ಒತ್ತಿದ.

ಗುಂಡಿ ಒಳಗೆ ಹೋಗಲೇ ಇಲ್ಲ. ಕೆಂಪು ಅಕ್ಷರ ಬಂತು.

"ಹಾ, ಹೇಳೋದು ಮರ್ತೆ ಗುರು," ಎನ್ನುತ್ತ ಮಧುಕುಮಾರ ಹಿಂದೆಯೇ ಬಂದ. "ಸೈಟಿನ ಸ್ಟಾಫ್ ಗೆದ್ದಿದ್ದು ಕೊಡೋ ಹಾಗಿಲ್ಲ. ನೀನು ಸೈನ್ ಮಾಡಿದ ತಕ್ಷಣ ನಿನ್ನ ಹೆಸ್ರು ಲಿಸ್ಟಿಗೆ ಹಾಕ್ದೆ. ಆ ಕಸ್ಟಮರಿಗೆ 'ಸಾರಿ' ಅಂತ ಒಂದು ಲೆಟರ್ ಕಳ್ಸಿ ಫೈಲ್ ಮುಚ್ಚು. ಸಿಟ್ಟು ಮಾಡ್ಕೊಂಡ್ರೆ ಏನು ಬರೀಬೇಕು ಅಂತ ಅಲ್ಲೇ ಅಂಟ್ಸಿದೆ ನೋಡು."

ಗೋಪೀನಾಥನ ಕೈ ಸ್ಟೇಪ್ಲರ್ ಕಡೆಗೆ ಹೋಯಿತು. ಐದನೇ ಕೆಲಸ ಯಾರು ಕೊಡುತ್ತಾರೆ ಎಂಬುದು ನೆನಪಾಗಿ ವಾಪಸ್ ಬಂತು. ಶ್ರೀ ಗೋಪೀನಾಥ ಅವರಿಗೆ, ನಿಮ್ಮ ಸಿಟ್ಟು ನಮಗೆ ಅರ್ಥವಾಗುತ್ತದೆ, ಎಂದು ತನಗೆ ತಾನೇ ಬರೆದು, ಎಮಿಲಿ ಎಂದು ಕೆಳಗೆ ಹಾಕಿ ಕಳುಹಿಸಿದ.

ಏಳು ಗಂಟೆಗೆ ಪಂಕಜಾಳ ಫೋನು ಬಂತು. "ರೀ, ತಿಮ್ಮಯ್ಯನೋರು ಬಾಗಿಲಲ್ಲೇ ಕುರ್ಚಿ ಹಾಕ್ಕೊಂಡು ಕೂತಿದಾರೆ. ದುಡ್ಡು ಕೊಡಿ, ಇಲ್ಲಾ ಬೀಗದ ಕೈ ಕೊಡಿ ಅಂತಿದಾರೆ. ಏನ್ ಹೇಳ್ಲಿ?"

ಗೋಪೀನಾಥ ಪರದೆಯ ಪಕ್ಕದ ಚೀಟಿ ನೋಡಿದ. "ಅವ್ರ ಸಿಟ್ಟು ನಮ್ಗೆ ಅರ್ಥ ಆಗುತ್ತೆ ಅಂತ ಹೇಳು," ಎಂದ ಮೆತ್ತಗೆ. "ದುಡ್ಡು ಬೇಕಿದ್ರೆ ಮರಿತಿಮ್ಮಯ್ಯನೋರೇ ನಮ್ಮನ್ನ ಸಂಪರ್ಕಿಸ್ಬೇಕು."

ಪಂಕಜಾ ಅದನ್ನು ಹಾಗೇ ಹೇಳಿದಳೆಂದು ಕಾಣುತ್ತದೆ. ಫೋನಿನೊಳಗಿಂದ ತಿಮ್ಮಯ್ಯನವರ ಗಂಟಲು ಇಡೀ ಮಹಡಿಗೆ ಕೇಳಿಸಿತು: "ನಿಮ್ ಮನೆ ಹಾಳಾಗ!"

"ದಯವಿಟ್ಟು ಮನೆ ವಿಷಯ ಎತ್ತಬೇಡಿ ಅಂತ ಹೇಳು," ಎಂದು ಫೋನಿಟ್ಟು, ಗೋಪೀನಾಥ ಮುಂದಿನ ಗಿರಾಕಿಯ ಲೈಟ್ ಬಿಲ್ಲು ತೆರೆದ.