ಯಜಮಾನರನ್ನೇ ನೋಡಬೇಕು

ಎಲ್ಲಕ್ಕೂ ಕಾರಣ ಭಾವನ ಬುದ್ಧಿವಾದ.

"ಅರ್ಜಿ ಹಾಕಿ ಕೂತ್ರೆ ಯಾರು ಕರೀತಾರಯ್ಯಾ? ಮಧ್ಯದವರ ಕೈಗೆ ಕಾಗದ ಕೊಡ್ಲೇಬೇಡ. ನೇರ ಯಜಮಾನ್ರನ್ನೇ ಹಿಡಿ. ಇವತ್ತೂ ಆಗ್ಲಿಲ್ವೋ, ನಾಳೆಯಿಂದ ನನ್ನ ಅಂಗಡೀಲಿ ಗುಂಡಿ ಹೊಲಿ!"

ದರ್ಜಿ ಭಾವನ ಎದುರು ದಿನವಿಡೀ ಕೂತು ಈ ಉಪದೇಶ ಕೇಳುವುದಕ್ಕಿಂತ ಕಲ್ಲು ಹೊರುವುದು ವಾಸಿ. ಮನೆಯವರೆಲ್ಲ 'ಗಡಿಬಿಡಿ' ಎಂದೇ ಕರೆಯುವ ಆ ಬಡಪಾಯಿ, ಅಕ್ಕ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು ಬಣ್ಣದ ಅಂಗಡಿಗೆ ಓಡಿದ. ಅಲ್ಲಿ ಗೋದಾಮು ನೋಡಿಕೊಳ್ಳಲು ಜನ ಬೇಕಿತ್ತು.

ಗಲ್ಲಾದಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. "ಕೆಲಸಕ್ಕಾ? ಕೊಡಿ, ನೋಡ್ತೀನಿ" ಎಂದು ಕೈ ಚಾಚಿದರು.

ಗಡಿಬಿಡಿ ಅರ್ಜಿಯನ್ನು ಎದೆಗವಚಿಕೊಂಡ. "ನಿಮ್ಮ ಕೈಲಾಗೋದಲ್ಲ ಬಿಡಿ ಅಮ್ಮಾ. ನಾನು ಯಜಮಾನ್ರನ್ನೇ ನೋಡ್ಬೇಕು."

"ಯಜಮಾನ್ರನ್ನಾ?" ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗೋದಾಮಲ್ಲಿದಾರೆ, ಹೋಗಿ."

ಒಳಗೆ ದಪ್ಪ ಮೀಸೆಯವರೊಬ್ಬರು ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಸುತ್ತಲೂ ಡಬ್ಬಗಳು ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂತೆ ಚೆಲ್ಲಾಪಿಲ್ಲಿಯಾಗಿದ್ದವು.

"ಸಾರ್, ಯಜಮಾನ್ರು ನೀವೇ ತಾನೆ?"

"ಹೂಂ, ನಾನೇ."

"ನಾನು ಬಾಯಲ್ಲಿ ಹೇಳೋನಲ್ಲ ಸಾರ್. ಕೆಲಸ ಮಾಡಿ ತೋರಿಸ್ತೀನಿ!"

"ಭೇಷ್! ಹಾಗಾದ್ರೆ ಆ ಡಬ್ಬ ಈ ಕಡೆ ಇಡು."

ಒಂದು ಡಬ್ಬ ಹೋಗಿ ಒಂದು ಸಾಲಾಯಿತು, ಸಾಲು ಹೋಗಿ ಗೋಡೆಗೆ ಗೋಡೆಯೇ ಆಯಿತು. ಏಣಿ ಜಾರಿ ಮೊಣಕಾಲು ತರಚಿತು. ಮುಚ್ಚಳ ಹಾರಿ ಅಕ್ಕನ ಇಸ್ತ್ರಿಯ ಮೇಲೆ ನೀಲಿ ಬಣ್ಣ ಸುರಿಯಿತು. ಮಧ್ಯೆ ಭಾವನ ಫೋನು. "ಯಜಮಾನ್ರು ಸಿಕ್ರೇನೋ?"

"ಸಿಕ್ಕಿದಾರೆ ಭಾವಾ, ಬಿಡ್ತಾನೇ ಇಲ್ಲ!"

ಸಂಜೆ ಗಲ್ಲಾದ ಹೆಂಗಸು ಒಳಗೆ ಬಂದರು. ಗೋದಾಮು ಕನ್ನಡಿಯಂತಿತ್ತು. ಮೀಸೆಯವರು ಎದೆಯುಬ್ಬಿಸಿ ನಿಂತರು. "ನೋಡಿದ್ಯೇನೇ? ಕೆಲಸಕ್ಕೆ ಬಾರದ ಗಂಡ ಅಂತಿದ್ಯಲ್ಲ!"

ಗಡಿಬಿಡಿ ಕೈಲಿದ್ದ ಡಬ್ಬ ಕೆಳಗಿಟ್ಟ. "ಸಾರ್... ಯಜಮಾನ್ರು ನೀವೇ ಅಂದ್ರಲ್ಲ?"

"ನಾನೇ ಕಣಯ್ಯಾ, ಇವಳ ಯಜಮಾನ. ಅಂಗಡಿ ಮಾತ್ರ ಇವಳದು."

ಆಕೆ ಇವರ ಮಾತಿಗೆ ಗಮನವನ್ನೇ ಕೊಡದೆ ಗಂಡನ ಕಡೆ ತಿರುಗಿದರು. "ರೀ, ಬಿಟ್ಟಿಯಾಗಿ ಇಷ್ಟು ಕೆಲಸ ತೆಗೆಸಿದ್ರಾ? ಗೋದಾಮಿಗೆ ಬೇಕಾಗಿದ್ದೇ ಇಂಥವ್ರು. ನಾಳೆಯಿಂದ ಈ ಕೆಲಸ ನಿಮ್ದೇ!"

ಗಡಿಬಿಡಿಗೆ ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ನೀಲಿ ಕೈಯಲ್ಲೇ ಅರ್ಜಿಯನ್ನು ಆಕೆಯ ಮುಂದೆ ಹಿಡಿದ.

"ಜಾಗ ಈಗ ತಾನೇ ಭರ್ತಿಯಾಯ್ತಲ್ಲಪ್ಪಾ. ಬೆಳಿಗ್ಗೆ ಕೇಳ್ದಾಗ ಕೊಡೋದಲ್ವಾ?"

ಹೊಸ ಕೆಲಸಗಾರರು ಮೀಸೆ ತಿರುವುತ್ತ ಅವನ ಬೆನ್ನು ತಟ್ಟಿದರು. "ಬೇಜಾರಾಗ್ಬೇಡ ಕಣಯ್ಯಾ. ನಾಳೆ ಬೇಗ ಬಾ, ಮಹಡಿ ಮೇಲೂ ಒಂದು ಗೋದಾಮಿದೆ."