ಆಕಳಿಸಿದ ತಪ್ಪಿಗೊಂದು ವಿಮಾನ

ಗುಮಾಸ್ತ ಕೈ ಎತ್ತಿದ್ದು ಮೈ ಮುರಿಯುವುದಕ್ಕೆ. ಅದೇ ಗಳಿಗೆಯಲ್ಲಿ ಸಾಹೇಬರು, "ರಿಮೋಟಿನಲ್ಲಿ ಹಾರಿಸೋ ವಿಮಾನ ಜೋಡಿಸೋಕೆ ಯಾರಿಗಾದ್ರೂ ಬರುತ್ತಾ?" ಎಂದು ಕೇಳಬೇಕೆ! ಇಡೀ ಆಫೀಸಿನಲ್ಲಿ ಮೇಲೆದ್ದಿದ್ದ ಕೈ ಅದೊಂದೇ. ಆಕಳಿಕೆ ಮುಗಿಸಿ ಬಾಯಿ ಮುಚ್ಚುವಷ್ಟರಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದು ಅವನ ಮೇಜಿಗೆ ಬಂದು ಕೂತಿತ್ತು.

"ರೆಕ್ಕೆ ಆಮೇಲೆ ನೋಡೋಣ. ನಾಳೆ ಭಾನುವಾರ ಅಲ್ವಾ, ಸಂಜೆಯೊಳಗೆ ಒಡಲೊಂದನ್ನ ಜೋಡಿಸಿ ನಮ್ಮ ಮನೆಗೆ ತನ್ನಿ. ನಾನೇ ಮಾಡ್ತಿದ್ದೆ, ಬೆರಳು ಬಾಗಿಲಿಗೆ ಸಿಕ್ಕಿಬಿಡ್ತು," ಎಂದು ಸಾಹೇಬರು ಬ್ಯಾಂಡೇಜು ಸುತ್ತಿದ ಎರಡು ಬೆರಳು ತೋರಿಸಿದರು. "ನಿಮ್ಮ ರಜೆ ಅರ್ಜಿನೂ ತನ್ನಿ, ಅಲ್ಲೇ ನೋಡಿಬಿಡೋಣ."

ರಜೆ! ಗುಮಾಸ್ತ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡ. ಹತ್ತೇ ಹತ್ತು ದಿನದ ರಜೆಗಾಗಿ ಅವನು ಮೂರು ವರ್ಷದಿಂದ ಅರ್ಜಿ ಹಾಕುತ್ತಿದ್ದ. ಮೊದಲ ವರ್ಷ ಕಾರಣ 'ಸ್ವಂತ ಕೆಲಸ' ಎಂದು ಬರೆದಿದ್ದ, ಮರುವರ್ಷ 'ಅನಾರೋಗ್ಯ'. ಈ ವರ್ಷ ಸುಳ್ಳು ಹೇಳುವುದಕ್ಕೂ ತ್ರಾಣವಿಲ್ಲದೆ 'ನಿದ್ದೆ' ಎಂದೇ ಬರೆದುಬಿಟ್ಟಿದ್ದ.

ಭಾನುವಾರ ಬೆಳಗ್ಗೆ ಊಟದ ಮೇಜಿನ ಮೇಲೆ ನಕ್ಷೆ ಹಾಸಿದ. ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ ಹಗುರ ಮರದ ಸಣ್ಣ ಸಣ್ಣ ಪಟ್ಟಿಗಳು. ಒಡಲಿಗೆ ಎರಡು ಮಗ್ಗುಲು. ಎರಡರ ನಡುವೆ ಅಡ್ಡಹಲಗೆ. ಅಡ್ಡಹಲಗೆ ಕೂರುವುದಕ್ಕೆ ಮಗ್ಗುಲಿನ ಒಳಮೈಗೆ ಜೋಡಿ ಪಟ್ಟಿಗಳನ್ನು ಅಂಟಿಸಬೇಕು. ಇಷ್ಟೇ ತಾನೆ, ಮಧ್ಯಾಹ್ನಕ್ಕೆ ಮುಗಿಸಿ ಒಂದು ಕೋಳಿನಿದ್ದೆ ತೆಗೆಯಬಹುದು ಅಂದುಕೊಂಡ, ಪಾಪ.

ಅಷ್ಟರಲ್ಲಿ ಪಕ್ಕದ ಮನೆಯ ತಕ್ಕಡಿ ಯಜಮಾನರು ಟೀ ಲೋಟದ ಸಮೇತ ಒಳಗೆ ಬಂದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಇಲಾಖೆ ಅವರನ್ನು ಬಿಟ್ಟರೂ ಅವರು ಅಳತೆಯನ್ನು ಬಿಟ್ಟಿರಲಿಲ್ಲ.

"ಏನಪ್ಪಾ ಇದು? ವಿಮಾನಾನಾ? ಎರಡು ಮಗ್ಗುಲೂ ಒಂದೇ ಸಮ ಇರಬೇಕು ನೋಡು. ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ಮೂಗು ಕೆಳಗೆ ಮಾಡುತ್ತೆ," ಎಂದವರೇ ಲೋಟವನ್ನು ಸೂಚನೆಯ ಹಾಳೆಯ ಮೇಲೆ ಕುಕ್ಕಿ, ಜೇಬಿನಿಂದ ಅಳತೆಪಟ್ಟಿ ತೆಗೆದರು.

"ಯಜಮಾನ್ರೇ, ನಿಮಗ್ಯಾಕೆ ತೊಂದರೆ..."

"ತೊಂದರೆ ಎಂಥದ್ದು? ಮನೇಲಿ ಕೂತು ನಾನೇನು ಮಾಡಲಿ?"

ಮೊದಲ ಮಗ್ಗುಲು ಮುಗಿಯುವಷ್ಟರಲ್ಲಿ ಗುಮಾಸ್ತನ ಹೆಬ್ಬೆರಳು ಅದಕ್ಕೇ ಅಂಟಿಕೊಂಡಿತು. ಯಜಮಾನರು ಎಳೆದರು. ಗುಮಾಸ್ತ ಕಿರುಚಿದ. ಹೆಂಡತಿ ಅಡುಗೆಮನೆಯಿಂದ ಓಡಿಬಂದು, ಉಗುರುಬಣ್ಣ ಅಳಿಸುವ ನೀರು ಹಚ್ಚಿ ಬಿಡಿಸಿದಳು. "ರೀ, ಊಟಕ್ಕೆ ಮೇಜು ಯಾವಾಗ ಸಿಗುತ್ತೆ?" ಎಂದಳು. ಸಿಗಲಿಲ್ಲ. ಎಲ್ಲರೂ ನೆಲದ ಮೇಲೆ ಕೂತು ಉಂಡರು, ಯಜಮಾನರೂ ಸೇರಿದಂತೆ.

ಎರಡನೆಯ ಮಗ್ಗುಲನ್ನು ಯಜಮಾನರು ಮೂರು ಸಲ ಬಿಚ್ಚಿಸಿದರು. ನಾಲ್ಕನೆಯ ಸಲ ಒಂದರ ಮೇಲೊಂದು ಇಟ್ಟು, ಕಣ್ಣು ಕಿರಿದು ಮಾಡಿ ನೋಡಿ, "ಈಗ ನೋಡು! ಪಟ್ಟಿ ಮೇಲೆ ಪಟ್ಟಿ! ನಾನಾಗಿದ್ರೆ ಮುದ್ರೆ ಒತ್ತಿಬಿಡ್ತಿದ್ದೆ," ಎಂದು ಬೆನ್ನು ತಟ್ಟಿದರು.

ಸಂಜೆ ಐದಾಗಿತ್ತು. ಗುಮಾಸ್ತ ತೂಕಡಿಸುತ್ತಲೇ ಎರಡನ್ನೂ ಎದುರುಬದುರು ನಿಲ್ಲಿಸಿ ನಡುವೆ ಅಡ್ಡಹಲಗೆ ಇಟ್ಟ. ಒಂದು ಕಡೆ ಕೂತಿತು. ಇನ್ನೊಂದು ಕಡೆ ಕೂರಿಸಲು ಪಟ್ಟಿಗಳೇ ಇರಲಿಲ್ಲ, ಅವು ಹೊರಮೈಯಲ್ಲಿದ್ದವು. ತಿರುಗಿಸಿದ, ಮೂಗಿದ್ದ ಕಡೆ ಬಾಲ ಬಂತು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ರೀ, ಎರಡೂ ಎಡಗಾಲಿನ ಚಪ್ಪಲಿ ಥರ ಇವೆಯಲ್ರೀ!"

ಗುಮಾಸ್ತ ಟೀ ಲೋಟ ಎತ್ತಿದ. ಅದರಡಿಯ ಕಂದು ಬಳೆಯೊಳಗೆ ಒಂದು ಸಾಲಿತ್ತು: 'ಎರಡನೆಯ ಮಗ್ಗುಲಿಗೆ ಪಟ್ಟಿಗಳನ್ನು ವಿರುದ್ಧ ಮೈಗೆ ಅಂಟಿಸಿ.' ತಲೆಯೆತ್ತಿ ನೋಡಿದರೆ ಯಜಮಾನರ ಸುಳಿವೇ ಇರಲಿಲ್ಲ. ಅವನಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ಹತ್ತು ದಿನದ ನಿದ್ದೆ ಕಣ್ಣೆದುರೇ ಮಣ್ಣುಪಾಲಾಗಿತ್ತು. ಇನ್ನು ಬಿಚ್ಚಿದರೆ ಮರವೂ ಉಳಿಯುತ್ತಿರಲಿಲ್ಲ. ಎರಡು ಎಡಮಗ್ಗುಲನ್ನೂ ಹಳೆಯ ಟವೆಲಿನಲ್ಲಿ ಸುತ್ತಿಕೊಂಡು ಹೊರಟ.

ಸಾಹೇಬರು ಟವೆಲು ಬಿಡಿಸಿದರು. ನೋಡಿದರು. ಮತ್ತೆ ನೋಡಿದರು.

"ಎರಡೂ ಎಡಗಡೆಯದಾ?"

"ತಪ್ಪಾಯ್ತು ಸಾರ್."

ಸಾಹೇಬರು ಎದ್ದು ಒಳಗೆ ಹೋದರು. ಬೀರುವಿನ ಬೀಗ ತೆಗೆದ ಸದ್ದು ಕೇಳಿಸಿತು. ವಾಪಸು ಬಂದಾಗ ಬ್ಯಾಂಡೇಜು ಬಿಚ್ಚಿತ್ತು. ಬಾಗಿಲೂ ಇಲ್ಲ, ಗೀಗಿಲೂ ಇಲ್ಲ. ಎರಡು ಬೆರಳೂ ಗೋಂದಿನಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕಂಕುಳಲ್ಲಿ ಅಂಥದೇ ವಿಮಾನದ ಇನ್ನೆರಡು ಮಗ್ಗುಲು.

"ಯಾರಿಗೂ ಹೇಳ್ಬೇಡಿ. ನಾನು ಎರಡು ಕಿಟ್ ತಂದಿದ್ದೆ. ಮೊದಲನೇದರಲ್ಲಿ ನಾನು ಮಾಡಿದ್ದು ಎರಡೂ ಬಲಗಡೆಯದು," ಎಂದರು ಸಾಹೇಬರು, ಮೆಲ್ಲಗೆ. ಆಮೇಲೆ ನಿಮ್ಮದೊಂದು, ನನ್ನದೊಂದು ಎನ್ನುತ್ತ ಜೋಡಿಸಿ ಅಡ್ಡಹಲಗೆ ಇಟ್ಟರು. ಟಕ್ಕೆಂದು ಕೂತಿತು. ಇನ್ನೊಂದು ಜೋಡಿಯೂ ಕೂತಿತು. "ಅಬ್ಬಾ! ಎರಡು ಒಡಲು! ಎಲ್ರೀ ನಿಮ್ಮ ಅರ್ಜಿ?"

ಅಂಟಿದ ಬೆರಳಿನಲ್ಲೇ ಸಹಿ ಬಿತ್ತು. ಹತ್ತು ದಿನ, ಮಂಜೂರು. ಗುಮಾಸ್ತನ ಕಣ್ಣು ತುಂಬಿಬಂತು. ಕಾಗದವನ್ನು ಎದೆಗೆ ಒತ್ತಿಕೊಂಡು ಬಾಗಿಲವರೆಗೆ ಹೋದ.

"ಎರಡು ವಿಮಾನ ಅಂದ್ರೆ ನಾಲ್ಕು ರೆಕ್ಕೆ, ಎರಡು ಬಾಲ. ಹತ್ತು ದಿನ ಸಾಕಾಗುತ್ತೆ ಅಲ್ವಾ?" ಹಿಂದಿನಿಂದ ಸಾಹೇಬರ ದನಿ ಬಂತು. "ನಾಳೆ ಬೆಳಗ್ಗೆ ಎಂಟಕ್ಕೆ ಇಲ್ಲಿಗೇ ಬಂದುಬಿಡಿ."

"ಸಾರ್, ಆಫೀಸು ಹತ್ತಕ್ಕಲ್ವಾ..."

"ಆಫೀಸು ಯಾಕ್ರೀ? ನೀವು ರಜೆ ಮೇಲಿದ್ದೀರಲ್ಲ!"

ಗುಮಾಸ್ತನಿಗೆ ದೊಡ್ಡದೊಂದು ಆಕಳಿಕೆ ಬಂತು. ಎರಡು ಕೈಗಳನ್ನೂ ಜೇಬಿನೊಳಗೆ ಭದ್ರವಾಗಿ ತುರುಕಿಕೊಂಡು ಆಕಳಿಸಿದ.